ಎರಡನೇ ಭಾಗದಲ್ಲಿ ಬಂದವಳು

ದೆವ್ವದ ಸಿನಿಮಾ ನೋಡುವಾಗ ಎಲ್ಲರೂ ಕಾಲು ಮೇಲೆತ್ತಿಕೊಂಡು, ದಿಂಬು ಅಪ್ಪಿಕೊಂಡು ಕೂರುತ್ತಾರೆ. ನನ್ನ ಪಕ್ಕದ ಮನೆಯವಳು ಹಾಗಲ್ಲ. ಟೀವಿಗೆ ಒಂದು ಮಾರು ದೂರದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮಡಿಲಲ್ಲಿ ಮೊರ ಇಟ್ಟುಕೊಂಡು, ಶೇಂಗಾ ಸುಲಿಯುತ್ತ ನೋಡುತ್ತಿದ್ದಳು. ಪರದೆಯ ಮೇಲೆ ಕೂದಲು ಬಿಚ್ಚಿಕೊಂಡ ಹೆಂಗಸು ಮೆಟ್ಟಿಲಿಳಿದು ಬರುವಾಗ ನಾನು ಸೋಫಾದ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದೆ. ಅವಳ ಬೆರಳುಗಳ ನಡುವೆ ಕಾಯಿ ಟಕ್ಕೆಂದು ಒಡೆಯುವ ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ. "ಬಂದ್ಲು ನೋಡಕ್ಕ" ಅನ್ನುತ್ತಿದ್ದಳು, ಹಾಲಿನವಳು ಬಂದಳು ಅನ್ನುವ ಹಾಗೆ.

ಹೋದ ತಿಂಗಳು ಅವಳು ತೀರಿಕೊಂಡಳು. ಎರಡು ಕಿಡ್ನಿಯೂ ಕೆಟ್ಟಿದ್ದವು. ದಾವಣಗೆರೆಯ ಆಸ್ಪತ್ರೆಗೆ ಓಡಾಡಿ ಓಡಾಡಿ, ಮೈಯೆಲ್ಲ ಊದಿ, ಮುಖ ಮಾತ್ರ ಸಣ್ಣದಾಗಿ, ಒಂದು ದಿನ ಬೆಳಿಗ್ಗೆ ಕಣ್ಣು ಮುಚ್ಚಿದಳು. ನಾನು ಮಾತಾಡಿಸಿಕೊಂಡು ಬರೋಣವೆಂದು ಹೋದಾಗ ಪಡಸಾಲೆ ತುಂಬ ಹೆಂಗಸರಿದ್ದರು. ಅವಳ ಅತ್ತೆ ಗೋಡೆಗೆ ಒರಗಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಅಂತೂ ಸವತಿ ಬಿಡ್ಲಿಲ್ಲ ಕಣವ್ವ. ಇಷ್ಟು ವರ್ಷ ಕಾದಿದ್ದು ಕರ್ಕಂಡ್ ಹೋದ್ಲು." ಅಲ್ಲೇ ಬಾಗಿಲ ಹತ್ತಿರ ಅವಳ ಮಗಳು ಶಾಲೆಯ ನೀಲಿ ಲಂಗದಲ್ಲೇ ಕೂತಿತ್ತು. ಎರಡನೇ ಕ್ಲಾಸಿನ ಮಗು. ಅಜ್ಜಿ ಹೇಳಿದ್ದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು.

ಅವಳಿಗೆ ಕಿಡ್ನಿ ಕೆಟ್ಟಿತ್ತು, ಅದಕ್ಕೆ ಹೋದಳು ಎಂದು ನಾನು ಆದಷ್ಟು ಮೆತ್ತಗೆ ಹೇಳಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಕಡೆ ಕನಿಕರದಿಂದ ನೋಡಿ, "ಕಿಡ್ನಿ ಯಾಕೆ ಕೆಡ್ತು, ಅದನ್ನ ಹೇಳ್ರಿ ಮತ್ತೆ" ಅಂದಳು. ಸುತ್ತ ಇದ್ದವರು ತಲೆ ಆಡಿಸಿದರು. ನನಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲ. ನಾನು ಓದಿದ ಚಿತ್ರದುರ್ಗದ ಕಾನ್ವೆಂಟಿನಲ್ಲಿ ಸಿಸ್ಟರುಗಳು ದನಿ ಏರಿಸಿದ ಹುಡುಗಿಯರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಎದ್ದು ಆ ಮಗುವಿನ ಕೈ ಹಿಡಿದುಕೊಂಡು ನಮ್ಮ ಮನೆಗೆ ಕರೆದುಕೊಂಡು ಬಂದೆ, ಅನ್ನ ಕಲಸಿ ಕೊಟ್ಟೆ. ಅದು ಉಣ್ಣುತ್ತ, "ಆಂಟಿ, ಸವತಿ ಅಂದ್ರೆ ಯಾರು? ನನ್ನನ್ನೂ ಕರ್ಕಂಡ್ ಹೋಗ್ತಾಳಾ?" ಎಂದು ಕೇಳಿತು. ಆವತ್ತು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಆ ಮಗು ದೊಡ್ಡದಾದ ಮೇಲೆ ಓದಲಿ ಅಂತಲಾದರೂ ಇದನ್ನು ಬರೆದಿಡಬೇಕು ಅನ್ನಿಸಿತು. ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಇದನ್ನೂ ತೀರಿಕೊಂಡ ಅವಳ ತಲೆಗೇ ಕಟ್ಟುತ್ತಾರೆ.

ಅವಳು ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಚಳ್ಳಕೆರೆಗೆ ಎರಡನೇ ಸಂಬಂಧಕ್ಕೆ ಬಂದಳು. ಗಂಡನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ, ದೊಡ್ಡಉಳ್ಳಾರ್ತಿಯ ಕಡೆ ಹೊಲ. ನಾವು ಆ ಬೀದಿಗೆ ಬಾಡಿಗೆಗೆ ಬಂದದ್ದೂ ಅದೇ ವರ್ಷ. ನಮ್ಮವರು ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು. ಇಬ್ಬರಿಗೂ ಊರು ಹೊಸದು, ನಡುವೆ ಒಂದೇ ಗೋಡೆ. ಮೊದಲ ದಿನವೇ ಅವಳು ಗೋಡೆಯಾಚೆಯಿಂದ ಕೈ ಚಾಚಿ ನನ್ನ ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದಳು. "ಮಿಷಿನ್ ಮಗ್ಗದ್ದು. ಪರವಾಗಿಲ್ಲ, ಬಣ್ಣ ಚೆನ್ನಾಗೈತೆ" ಎಂದಳು. ಆಮೇಲೆ ಹೆಸರು ಕೇಳಿದಳು. ಯಾರು ಸಿಕ್ಕರೂ ಅವಳ ಕಣ್ಣು ಮೊದಲು ಬಟ್ಟೆಗೆ ಹೋಗುತ್ತಿತ್ತು, ಆಮೇಲೆ ಮುಖಕ್ಕೆ.

ಸಿಟ್ಟು ಬಂದರೆ ಅವಳಿಗೆ ಕನ್ನಡ ಸಾಲುತ್ತಿರಲಿಲ್ಲ. "ಸಿಗ್ಗು ಲೇದು" ಅನ್ನುತ್ತಿದ್ದಳು. ನಾಚಿಕೆಯಿಲ್ಲ ಅನ್ನುವುದಕ್ಕೆ ಅವರ ಕಡೆಯ ತೆಲುಗು. ಕರೆಂಟು ತೆಗೆದರೂ ಸಿಗ್ಗು ಲೇದು, ನಲ್ಲಿ ನೀರು ಬಿಡದಿದ್ದರೂ ಸಿಗ್ಗು ಲೇದು. ಹೇಳಿದ ಮೇಲೆ ತಾನೇ ನಗುತ್ತಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಮುಂದಿನ ಒಂದು ಹಲ್ಲಿನ ಮೇಲೆ ಇನ್ನೊಂದು ಏರಿತ್ತು, ಅದು ಕಾಣಬಾರದು ಅಂತ.

ಅವಳ ಕೊರಳಲ್ಲಿ ತಾಳಿಯ ಪಕ್ಕ ಸವತಿ ಬಿಲ್ಲೆ ಇತ್ತು. ನಮ್ಮ ಕಡೆ ಗೊತ್ತಿರುವ ಪದ್ಧತಿಯೇ. ಮೊದಲ ಹೆಂಡತಿ ಸತ್ತಿದ್ದರೆ ಎರಡನೆಯವಳು ಅವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿಯ ಬಿಲ್ಲೆ ಮಾಡಿಸಿ ಹಾಕಿಕೊಳ್ಳುತ್ತಾಳೆ. ಹಬ್ಬದ ಅಡುಗೆ ಮೊದಲು ಅದಕ್ಕೆ ಎಡೆ. ಹೊಸ ಸೀರೆ ತಂದರೆ ಮೊದಲು ಅದರ ಮುಂದಿಟ್ಟು, ಆಮೇಲೆ ಉಡಬೇಕು. ಇಲ್ಲದಿದ್ದರೆ ಸತ್ತವಳು ಸಿಟ್ಟಾಗುತ್ತಾಳಂತೆ. ಅವಳ ಬಿಲ್ಲೆಯ ಮೇಲೆ ಅಕ್ಕಸಾಲಿಗ ಗೀರಿದ್ದ ಹೆಣ್ಣಿನ ಮುಖದಲ್ಲಿ ಕಣ್ಣು ಎರಡು ಚುಕ್ಕಿ, ಬಾಯಿ ಒಂದು ಗೆರೆ. ಗೆರೆ ಸ್ವಲ್ಪ ಕೆಳಕ್ಕೆ ಬಾಗಿತ್ತು. ಅವಳು ಆ ಬಿಲ್ಲೆಯನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ನನ್ನನ್ನೂ ಅಕ್ಕ ಅನ್ನುತ್ತಿದ್ದಳು. ಗೊಂದಲ ಆಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ಏನ್ ಗೊಂದಲ? ನೀವು ಕಾಫಿ ಕುಡಿತೀರ, ಆಯಕ್ಕ ಕುಡಿಯಲ್ಲ, ಅಷ್ಟೇ" ಎಂದಿದ್ದಳು.

ಅವಳಿಗೆ ಆ ಸತ್ತವಳ ಮೇಲೆ ಯಾವ ದ್ವೇಷವೂ ಇರಲಿಲ್ಲ. ಮನೆಯವರು ಮಾತ್ರ ಎಲ್ಲವನ್ನೂ ತಂದು ಆ ಸತ್ತವಳ ತಲೆಗೆ ಕಟ್ಟುತ್ತಿದ್ದರು. ಹಾಲು ಒಡೆದರೆ ಸವತಿ. ಅಂಗಡಿಯ ಷಟರ್ ಸಿಕ್ಕಿಕೊಂಡರೆ ಸವತಿ. ಮೊದಲ ಸಲ ಇವಳ ಬಸಿರು ನಿಲ್ಲದೆ ಹೋದಾಗ ಅತ್ತೆ ಅವಳ ಹಾಸಿಗೆಯ ಸುತ್ತ ಬೇವಿನ ಸೊಪ್ಪು ಇಟ್ಟರೇ ಹೊರತು ಒಂದು ಲೋಟ ಹಾಲು ಇಡಲಿಲ್ಲ. ನಾನು ಸೂಪು ಮಾಡಿಕೊಂಡು ಹೋದೆ. ಅವಳು ಗುಟುಕರಿಸುತ್ತ, ಆಯಕ್ಕ ಬದುಕಿದ್ದಾಗ ಇವರು ಅವಳಿಗೆ ಇಷ್ಟು ಕೆಲಸ ಹೇಳುತ್ತಿದ್ದರೋ ಇಲ್ಲವೋ, ಸತ್ತ ಮೇಲೆ ಪಾಪ, ಕೈ ಬಿಡುವೇ ಇಲ್ಲ ಎಂದಳು.

ಎರಡನೇ ಸಲ ಬಸಿರಾದಾಗ ಏಳನೇ ತಿಂಗಳಿಗೆ ಸೀಮಂತ ಮಾಡಿದರು. ತವರಿನಿಂದ ಅವಳ ಅಪ್ಪ ತಾನೇ ನೇಯ್ದ ಸೀರೆ ತಂದಿದ್ದರು. ಹಸಿರು ಮೈ, ಕೆಂಪು ಅಂಚು, ಅಂಚಿನ ತುಂಬ ಸಣ್ಣ ಸಣ್ಣ ಗಿಳಿ. ಅಪ್ಪ ನೇಯ್ದದ್ದು ಎಂದು ಅವಳು ಹಿಗ್ಗಿನಲ್ಲಿ ಅದನ್ನು ಮಡಿಕೆ ಬಿಚ್ಚಿ ಉಟ್ಟುಕೊಂಡು ಹಸೆಗೆ ಬಂದುಬಿಟ್ಟಳು. ಸವತಿಗೆ ತೋರಿಸುವುದು ಮರೆತಿತ್ತು. ಅತ್ತೆ ಆರತಿ ತಟ್ಟೆ ಹಿಡಿದುಕೊಂಡೇ ಆ ಸೀರೆಯನ್ನೂ ಅವಳ ಕೊರಳಿನ ಬಿಲ್ಲೆಯನ್ನೂ ಮತ್ತೆ ಮತ್ತೆ ನೋಡಿದ್ದು ನನಗೆ ಕಂಡಿತು. ಅದಾದ ಕೆಲವು ದಿನಕ್ಕೆ ಅವಳ ಕಾಲು ಊದಿಕೊಳ್ಳತೊಡಗಿತು. ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿ, ಒಂದು ಗೆರೆಯಂತೆ ಮಾತ್ರ ಕಾಣುತ್ತಿತ್ತು. ಬಳೆ ಮಣಿಕಟ್ಟಿನಲ್ಲಿ ಸರಿದಾಡುತ್ತಿರಲಿಲ್ಲ. ಮನೆಯಲ್ಲಿ ತೀರ್ಮಾನ ಆಗಿಹೋಯಿತು: ಸೀರೆ ತೋರಿಸಲಿಲ್ಲ, ಸವತಿ ಹಿಡಿದಿದ್ದಾಳೆ. ಮೊದಲ ಹೆರಿಗೆಗೆ ತವರಿಗೆ ಕಳಿಸುವುದು ಎಲ್ಲ ಮನೆಯಲ್ಲೂ ಇರುವ ರೂಢಿ, ಅದನ್ನೂ ತಡೆದರು. ಸವತಿಯ ಸಿಟ್ಟು ಇಳಿಯದೆ ಹೊಸಿಲು ದಾಟಬಾರದಂತೆ.

ನಾವಿಬ್ಬರೂ ಒಂದು ಜಪಾನಿ ದೆವ್ವದ ಸಿನಿಮಾ ನೋಡಿದ್ದು ಆ ದಿನಗಳಲ್ಲಿ.

ನಮ್ಮವರು ಹೊಸದಾಗಿ ವಿಸಿಡಿ ಪ್ಲೇಯರ್ ತಂದಿದ್ದರು. ಬಸ್ ಸ್ಟ್ಯಾಂಡಿನ ಎದುರು ಸಾಹೇಬರೊಬ್ಬರ ಸಿಡಿ ಅಂಗಡಿ ಇತ್ತು, ಅಲ್ಲಿಂದ ಬಾಡಿಗೆಗೆ ತರುತ್ತಿದ್ದೆ. ಇವಳಿಗೆ ದೆವ್ವದ ಸಿನಿಮಾ ಬಿಟ್ಟರೆ ಬೇರೆ ಬೇಡ. ಮನೆಯಲ್ಲಿರುವ ದೆವ್ವ ಕಣ್ಣಿಗೆ ಕಾಣುವುದಿಲ್ಲ, ಕಾಣುವುದನ್ನಾದರೂ ನೋಡೋಣ ಅನ್ನುತ್ತಿದ್ದಳು. ಕನ್ನಡ, ತೆಲುಗು, ಹಿಂದಿ ಎಲ್ಲ ಮುಗಿದ ಮೇಲೆ ಸಾಹೇಬರು ಒಂದು ಜಪಾನಿ ಸಿನಿಮಾ ಕೊಟ್ಟರು. ಡಬ್ಬಿಯ ಮೇಲೆ ಎರಡು ಅಂತ ದೊಡ್ಡದಾಗಿ ಇತ್ತು. ಒಂದನೆಯದು ಎಲ್ಲಿ ಎಂದು ಕೇಳಿದೆ. "ಪಾರ್ಟ್ ಒನ್ ಖರಾಬ್ ಆಗೈತಮ್ಮ, ನಡುಮಧ್ಯ ನಿಂತೋಗ್ತದೆ. ಇದನ್ನೇ ನೋಡ್ರಿ, ಇದ್ರಾಗೂ ಅದೇ ದೆವ್ವ" ಎಂದರು.

ಹನ್ನೆರಡು ಗಂಟೆಗೆ ಅಡುಗೆ ಮುಗಿಸಿ ಅವಳು ಬಂದಳು. ಸಿನಿಮಾದ ಕೆಳಗೆ ಇಂಗ್ಲಿಷ್ ಸಾಲು ಬರುತ್ತಿತ್ತು. ಸಿಸ್ಟರುಗಳು ಅಷ್ಟು ಕಷ್ಟಪಟ್ಟು ಕಲಿಸಿದ ಇಂಗ್ಲಿಷು ಮದುವೆಯಾದ ಮೇಲೆ ನನಗೆ ನೆಟ್ಟಗೆ ಉಪಯೋಗಕ್ಕೆ ಬಂದದ್ದು ಆವತ್ತೇ. ಸಾಲು ಓದುತ್ತಿದ್ದೆ, ಕನ್ನಡದಲ್ಲಿ ಹೇಳುತ್ತಿದ್ದೆ, ಅಷ್ಟರಲ್ಲಿ ಮುಂದಿನ ಸಾಲು ಓಡಿಹೋಗುತ್ತಿತ್ತು.

ಕತೆ ಸುಮಾರಿಗೆ ಹೀಗಿತ್ತು. ಒಬ್ಬಳು ಹೆಂಗಸು ಮಗ್ಗದಲ್ಲಿ ಕೆಂಪು ರೇಷ್ಮೆ ನೇಯುತ್ತಿದ್ದಳು. ಅವಳ ಗಂಡ ಬಟ್ಟೆ ವ್ಯಾಪಾರಿ. ಅವಳನ್ನು ಅವನೇ ಕೊಂದಿದ್ದ. ಯಾಕೆ, ಹೇಗೆ ಎಂಬುದೆಲ್ಲ ಮೊದಲ ಭಾಗದಲ್ಲಿ ಮುಗಿದಿತ್ತು. ಈಗ ಎರಡನೇ ಭಾಗದಲ್ಲಿ ಆ ರೇಷ್ಮೆಯಲ್ಲಿ ಹೊಲಿದ ನಿಲುವಂಗಿ ಹಳೆ ಬಟ್ಟೆಯ ಅಂಗಡಿಯಿಂದ ಒಬ್ಬ ಕಾಲೇಜು ಹುಡುಗಿಯ ಕೈಗೆ ಬರುತ್ತದೆ. ಅವಳು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಹಿಂದೆ ಕೂದಲು ಬಿಚ್ಚಿಕೊಂಡ ಹೆಂಗಸು ನಿಂತಿರುತ್ತಾಳೆ.

ದೆವ್ವದ ಹಿಂದಿನ ಬದುಕು ತೋರಿಸುವಾಗ ಮಗ್ಗ ಬಂತು, ಶೇಂಗಾ ಸುಲಿಯುತ್ತಿದ್ದ ಇವಳ ಕೈ ಮೊದಲ ಸಲ ನಿಂತಿತು. "ಅಕ್ಕ, ಅವ್ರದ್ದೂ ಲಾಳಿನೇ ಕಣಕ್ಕ" ಎಂದಳು, ದಾರದ ಕಡ್ಡಿ ಹೊತ್ತು ಅತ್ತಿಂದಿತ್ತ ಓಡುವ ಆ ಮರದ ತುಂಡನ್ನು ತೋರಿಸಿ. ಅವಳ ದನಿಯಲ್ಲಿ ದೂರದೂರಿನಲ್ಲಿ ನೆಂಟರು ಸಿಕ್ಕ ಸಂತೋಷ. ಆಮೇಲೆ ಮಾತ್ರ ಅವಳಿಗೆ ಸಿಟ್ಟು ಏರುತ್ತ ಹೋಯಿತು.

ಕಾಲೇಜು ಹುಡುಗಿ ಸತ್ತಳು. ಅವಳ ಗೆಳತಿ ಸತ್ತಳು. ಬಟ್ಟೆಯಂಗಡಿಯ ಮುದುಕಿ ಸತ್ತಳು. ಕೊನೆಗೆ ಆ ನಿಲುವಂಗಿಯ ತೋಳನ್ನು ಆಟಕ್ಕೆಂದು ಹೊದ್ದುಕೊಂಡ ಮಗುವಿನ ಹಿಂದೆಯೂ ದೆವ್ವ ಹೋಯಿತು. ನಾನು ಓದಿ ಹೇಳಿದೆ: ಅವಳು ಶಾಪ ಹಾಕಿದಾಳಂತೆ.

"ಯಾರಿಗೆ?"

ಆ ಬಟ್ಟೆ ಹಾಕಿಕೊಂಡವರಿಗೆಲ್ಲ ಎಂದೆ.

"ಹಾಕ್ಕಂಡೋರು ಏನ್ ಮಾಡಿದ್ರು ಅವ್ಳಿಗೆ?"

ಅದಕ್ಕೆ ಕೆಳಗೆ ಸಾಲು ಇರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಆ ವ್ಯಾಪಾರಿ ಗಂಡ ಕಾಣಿಸಿದ. ಮುದುಕನಾಗಿದ್ದ. ತೋಟದ ಮುಂದೆ ಕೂತು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಚಹಾ ಕುಡಿಯುತ್ತಿದ್ದ. ಕಾಲೇಜು ಹುಡುಗಿಯ ತಮ್ಮ ಬಂದು ಕೇಳಿದರೆ, ಅವಳ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಪ್ರಾರ್ಥನೆ ಮಾಡೋಣ ಅಂದ.

ಮೊರ ಕೆಳಗಿಟ್ಟು ಅವಳು ನನ್ನ ಕಡೆ ತಿರುಗಿದಳು. "ಈವಯ್ಯ ಇನ್ನೂ ಬದುಕವ್ನಾ?" ಎಂದಳು. "ಇವನ ಮನೆ ದಾರಿ ಅವ್ಳಿಗೆ ಗೊತ್ತಿಲ್ವಾ? ಅವನ ಜೊತೆ ಸಂಸಾರ ಮಾಡಿದೋಳಲ್ವಾ?" ನಾನು ನಕ್ಕೆ. ಅವಳು ನಗಲಿಲ್ಲ. ಬದುಕಿದ್ದಾಗ ಅವನಿಗೆ ಹೆದರಿದಳು ಸರಿ, ಸತ್ತ ಮೇಲೂ ಅವನಿಗೇ ಹೆದರುತ್ತಾಳಲ್ಲ, ಇದ್ಯಾವ ಸೀಮೆ ದೆವ್ವ ಎಂದಳು. ಸಿಕ್ಕ ಸಿಕ್ಕ ಹೆಣ್ಣುಮಕ್ಕಳನ್ನು ಹಿಡಿದರೆ ಏನು ಬಂತು ಎಂದಳು. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಅವಳ ದನಿಯಲ್ಲೇ ಕೇಳಿಸುತ್ತದೆ: "ಈ ಕತೆ ಬರ್ದೋನು ಆವಯ್ಯನ ಕಡೆಯೋನೇ ಇರ್ಬೇಕು ಕಣಕ್ಕ. ಸಿಗ್ಗು ಲೇದು."

ಸಿನಿಮಾ ಮುಗಿದ ಮೇಲೂ ಅವಳು ಏಳಲಿಲ್ಲ. ಊದಿದ ಪಾದಗಳನ್ನು ನೀಡಿಕೊಂಡು, ಕಾಲುಂಗುರದ ಗೆರೆಯ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಮೊದಲನೇ ಭಾಗ ನೋಡದೆ ಎರಡನೆಯದಕ್ಕೆ ಬಂದು ಕೂತರೆ ಹೀಗೇ, ಏನೂ ತಿಳಿಯುವುದಿಲ್ಲ ಎಂದಳು. ಸಾಹೇಬರ ಹತ್ತಿರ ಬೇರೆ ಡಿಸ್ಕ್ ತರಿಸಲು ಹೇಳುತ್ತೇನೆ ಎಂದೆ. ಅವಳು ತಲೆಯೆತ್ತದೆ, "ಅದಲ್ಲಕ್ಕ" ಅಂದಳು.

ಮಾರನೇ ದಿನ ಅವರ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆವು, ಅತ್ತೆ, ಅವಳು, ನಾನು. ಬೀಜ ಒಂದು ಕಡೆ, ನಾರು ಒಂದು ಕಡೆ. ಅವಳು ಹುಣಸೆಹಣ್ಣಿನಿಂದ ಕಣ್ಣು ತೆಗೆಯದೆ, ಅತ್ತೇ, ದೊಡ್ಡೋಳು ಹೆಂಗೆ ಹೋದ್ಲು, ಸರಿಯಾಗಿ ಹೇಳ್ರಿ ಎಂದು ಕೇಳಿದಳು. ನಾನು ಬೆಚ್ಚಿದೆ. ಅತ್ತೆ ಬೆಚ್ಚಲಿಲ್ಲ. ಅವರಿಗೆ ಅದು ಸಂಕಟದ ವಿಷಯವಾಗಿರಲೇ ಇಲ್ಲ, ಎಷ್ಟೋ ಸಲ ಹೇಳಿ ನುಣುಪಾದ ಕತೆ.

"ಎಂಟು ತಿಂಗ್ಳು ತುಂಬಿತ್ತು. ಮಟಮಟ ಮಧ್ಯಾಹ್ನ ಹುಲ್ಗಾವಲ್ ಪಕ್ಕದ ಹೊಲಕ್ಕೆ ಬುತ್ತಿ ತಗಂಡ್ ಹೋದ್ಲು. ಅಲ್ಲೇ ಗಾಳಿ ಸೋಕ್ತು. ಕಾಲು ಬಾತವು. ತಲೆ ಒಡಿತೈತೆ ಅಂಬ್ತಿದ್ಲು. ಕಣ್ಮುಂದೆ ಮಿಣುಕುಹುಳ ಹಾರ್ತವೆ ಅಂಬ್ತಿದ್ಲು. ಒಂದಿನ ಕಣ್ಗುಡ್ಡೆ ಮೇಲಾದವು, ಹಲ್ಲು ಕಚ್ಚಿದ್ಲು, ಮೈಯೆಲ್ಲ ಜಾಡಿಸ್ತು. ರಾಂಪುರದ ಕಡೆ ಗಾಳಿ ಬಿಡಿಸೋನತ್ರ ಹೊತ್ಕಂಡ್ ಹೋದ್ವಿ. ಆವಯ್ಯ ಬೇವಿನ ಬರಲಲ್ಲಿ ಬಡ್ದು, ದಾರ ಕಟ್ಟಿದ. ತಡವಾಗಿತ್ತು. ಬರೋ ದಾರೀಲೇ ಹೋದ್ಲು, ಹೊಟ್ಟೇಲಿದ್ದ ಕೂಸೂ ಹೋತು."

ಆಸ್ಪತ್ರೆಗೆ ತೋರಿಸಲಿಲ್ಲವಾ ಎಂದು ನಾನು ಕೇಳಿದೆ. ಗಾಳಿಗೆ ಆಸ್ಪತ್ರೆಯವರು ಏನು ಮಾಡುತ್ತಾರೆ ಎಂದರು. ಅಷ್ಟು ಹೇಳಿ ಒಂದು ಬೀಜ ಎತ್ತಿ ಗುಡ್ಡೆಗೆ ಎಸೆದರು. ಆ ಬೀಜದ ಸದ್ದಿಗೂ ನನಗೆ ಸಿಟ್ಟು ಬಂತು.

ಅವಳು ಬಿಡಿಸಿದ ಹಣ್ಣನ್ನು ಬುಟ್ಟಿಗೆ ತುಂಬಿ ಎದ್ದಳು. ನನ್ನನ್ನು ಕಳಿಸಲು ಬಂದವಳು ಮೆಟ್ಟಿಲ ಹತ್ತಿರ ನಿಂತು, "ಮೊದಲನೇ ಭಾಗ ಸಿಕ್ತಕ್ಕ" ಎಂದಳು. ತನಗೂ ಎರಡು ದಿನದಿಂದ ತಲೆ ಒಡೆಯುತ್ತಿದೆ ಎಂದು ಆಗ ಹೇಳಿದಳು. ಕಣ್ಣ ಮುಂದೆ ಮಿಣುಕು ಇನ್ನೂ ಬಂದಿಲ್ಲ ಎಂದಳು. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅದು ಅವಳನ್ನು ಹಿಡಿದಿತ್ತೆಂದು ಹೇಳುವವರು ಆ ಮುಷ್ಟಿಯನ್ನು ನೋಡಬೇಕಿತ್ತು. ಜಾತ್ರೆಯ ನೂಕುನುಗ್ಗಲಿನಲ್ಲಿ ಅಕ್ಕನ ಕೈಯನ್ನು ತಂಗಿ ಹಿಡಿಯುವ ಹಾಗೆ ಇತ್ತು.

ಆವತ್ತೇ ಸಾಯಂಕಾಲ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಮತ್ತೊಮ್ಮೆ ನೋಡಿ, ಬಿಪಿ ವಿಪರೀತ ಏರಿದೆ, ಇದು ಬಸುರಿಯರಿಗೆ ಬರುವ ಕಾಯಿಲೆ, ಫಿಟ್ಸ್ ಬಂದರೆ ತಾಯಿ ಮಗು ಎರಡೂ ಉಳಿಯುವುದಿಲ್ಲ, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ತಡಮಾಡದೆ ನಾಳೆಯೊಳಗೆ ಸೇರಿಸಿ ಎಂದು ಚೀಟಿ ಬರೆದುಕೊಟ್ಟರು. ಮೊದಲನೆಯವಳ ಕತೆ ಹೇಳಿದೆ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಅದೇ ಕಾಯಿಲೆ ಎಂದರು.

ಅವಳ ಗಂಡನಿಗೆ ಚೀಟಿ ಓದಿ ಹೇಳಿದವಳೂ ನಾನೇ. ಇಂಗ್ಲಿಷಿನಲ್ಲಿ ಓದಿದೆ, ಕನ್ನಡದಲ್ಲಿ ಹೇಳಿದೆ. ಒಳ್ಳೆಯ ಮನುಷ್ಯ ಎಂದು ಬೀದಿಯಲ್ಲಿ ಹೆಸರಿದ್ದವನು. ಕುಡಿಯುವವನಲ್ಲ, ಹೊಡೆಯುವವನಲ್ಲ. ಸುಮ್ಮನೆ ಕೇಳಿಸಿಕೊಂಡು, "ಅವ್ವನ್ನ ಒಂದು ಮಾತು ಕೇಳಿ ಹೇಳ್ತೀನಿ ಮೇಡಂ" ಎಂದ. ಹೊಡೆಯುವ ಗಂಡಸಿನ ಮೇಲೆ ಎಲ್ಲರಿಗೂ ಸಿಟ್ಟು ಬರುತ್ತದೆ. ಅವ್ವನ್ನ ಕೇಳಿ ಹೇಳ್ತೀನಿ ಅನ್ನುವ ಗಂಡಸಿನ ಮೇಲೆ ಯಾರಿಗೂ ಬರುವುದಿಲ್ಲ. ನನಗೆ ಆವತ್ತಿನಿಂದ ಬರುತ್ತಿದೆ. ಒಬ್ಬ ಹೆಂಡತಿ ಇದೇ ಕಾಯಿಲೆಯಲ್ಲಿ ಅವನ ಕಣ್ಣ ಮುಂದೆ ಹೋಗಿದ್ದಳು. ಅವನಿಗೆ ಮೊದಲನೇ ಭಾಗ ಪೂರ್ತಿ ಗೊತ್ತಿತ್ತು.

ಅವ್ವ ಬಿಪಿಯೆಲ್ಲ ಕೂತು ಉಣ್ಣುವ ಸಾಹುಕಾರರಿಗೆ ಬರುವುದು ಎಂದರು. ಆದರೂ ಕೊನೆಗೆ ದೊಡ್ಡ ಮನಸ್ಸು ಮಾಡಿದವರಂತೆ ಒಂದು ರಾಜಿ ಹೇಳಿದರು. ಮೊದಲು ಗಾಳಿ ಬಿಡಿಸುವವನ ಹತ್ತಿರ ದಾರ ಕಟ್ಟಿಸುವುದು, ಅಲ್ಲಿಂದ ಹಾಗೇ ಬಳ್ಳಾರಿಗೆ. ಎರಡೂ ಒಂದೇ ದಾರಿ ತಾನೇ. ಗಂಡನ ಮುಖ ನಿರಾಳವಾಯಿತು. ಯಾರನ್ನೂ ಎದುರುಹಾಕಿಕೊಳ್ಳದೆ ಮುಗಿಯಿತಲ್ಲ ಎಂದು ಇರಬೇಕು.

ಮಾರನೇ ಬೆಳಿಗ್ಗೆ ಬಾಡಿಗೆಯ ಟ್ರ್ಯಾಕ್ಸ್ ಗಾಡಿ ಬಂತು. ಅಕ್ಕ ಬರದಿದ್ದರೆ ಹತ್ತುವುದಿಲ್ಲ ಎಂದು ಅವಳು ಹಟ ಹಿಡಿದದ್ದರಿಂದ ನಾನೂ ಹತ್ತಿದೆ. ಡ್ರೈವರ್ ಪಕ್ಕದಲ್ಲಿ ಗಂಡ, ಅವನ ತೊಡೆಯ ಮೇಲೆ ನಿಂಬೆಹಣ್ಣು, ಕುಂಕುಮ, ಊದುಬತ್ತಿಯ ಚೀಲ. ಹಿಂದಿನ ಸೀಟಿನಲ್ಲಿ ಕಿಟಕಿಗೆ ಅತ್ತೆ, ನಡುವೆ ಅವಳು, ಈ ಕಡೆ ನಾನು. ಅತ್ತೆ ಅವಳ ಜಡೆ ಬಿಚ್ಚಿಸಿದ್ದರು. ಗಾಳಿ ಬಿಡಿಸುವಾಗ ಕೂದಲು ಕಟ್ಟಿರಬಾರದಂತೆ. ಕಿಟಕಿಯ ಗಾಳಿಗೆ ಕೂದಲು ಅವಳ ಮುಖದ ತುಂಬ ಹಾರಾಡುತ್ತಿತ್ತು. ನಾನು ಸರಿಸುತ್ತಿದ್ದೆ, ಮತ್ತೆ ಬೀಳುತ್ತಿತ್ತು. ಮೊಳಕಾಲ್ಮೂರಿನ ಕ್ರಾಸ್ ಬಂದಾಗ ಅವಳು ಅಪ್ಪನ ಊರಿನ ದಾರಿಯನ್ನು ಕತ್ತು ತಿರುಗಿಸಿ ನೋಡಿದಳು.

ರಾಂಪುರ ಹತ್ತಿರವಾಗುತ್ತಿದ್ದ ಹಾಗೆ ನನ್ನ ಕೈ ಹಿಡಿದು, ಅಕ್ಕ, ಮಿಣುಕು ಬಂದವು ಎಂದಳು. ಪಿಸುಮಾತಿನಲ್ಲಿ ಹೇಳಿದ್ದು. ನಾನು ಮುಂದಕ್ಕೆ ಬಾಗಿ, ನೇರವಾಗಿ ಬಳ್ಳಾರಿಗೆ ಹೋಗೋಣ, ಇನ್ನು ಕಾಯುವ ಹಾಗಿಲ್ಲ, ಡಾಕ್ಟರು ಹೇಳಿದ್ದು ಇದನ್ನೇ ಎಂದೆ. ಮತ್ತೊಮ್ಮೆ ಹೇಳಿದೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಗಂಡ ಹಿಂದಕ್ಕೆ ತಿರುಗಲಿಲ್ಲ. ಊರು ದಾಟಿದ ಮೇಲೆ ಎಡಕ್ಕೆ ಒಂದು ಮಣ್ಣಿನ ದಾರಿ ಕಂಡಿತು, ಅದರ ಬಾಯಲ್ಲಿ ಒಂದು ಬೇವಿನ ಮರ. ಅತ್ತೆ, "ಅದೇ ನೋಡಪ್ಪ, ತಿರುಗ್ಸು" ಎಂದರು. ಡ್ರೈವರ್ ಗಾಡಿ ನಿಧಾನ ಮಾಡಿ ಗಂಡನ ಮುಖ ನೋಡಿದ. ಗಂಡ ಚೀಲ ಗಟ್ಟಿಯಾಗಿ ಹಿಡಿದುಕೊಂಡು, ಅವ್ವ ಹೇಳಿದಂಗೆ ಮಾಡು ಎಂದ.

ಆಗ ಅವಳು ಮಾತಾಡಿದಳು. ಕಿರುಚಲಿಲ್ಲ. ಗಂಡನಿಗೆ ದಿನಾ ಊಟಕ್ಕೆ ಬನ್ನಿ ಎಂದು ಕರೆಯುವ ದನಿಯಲ್ಲೇ, ಅದೇ ಮರ್ಯಾದೆಯಲ್ಲಿ ಹೇಳಿದಳು.

"ಏನ್ರಿ, ಇಲ್ಲಿ ಕೇಳ್ರಿ. ಈಗ ಗಾಡಿ ತಿರುಗಿಸಿದ್ರೆ ನಾನು ಉಳಿಯಲ್ಲ. ಸತ್ರೆ ನಾನು ನಿಮ್ಮವ್ವನ್ನ ಹಿಡಿಯಲ್ಲ. ಮುಂದೆ ನೀವು ತರೋ ಹುಡ್ಗೀನೂ ಹಿಡಿಯಲ್ಲ, ಅವ್ಳ ಮಕ್ಕಳನ್ನೂ ಹಿಡಿಯಲ್ಲ. ನನ್ಗೆ ಯಾವ ಬಿಲ್ಲೆನೂ ಮಾಡಿಸ್ಬೇಡ್ರಿ, ಸೀರೆನೂ ತೋರಿಸ್ಬೇಡ್ರಿ. ನಾನು ಬರೋದು ಸೀದಾ ನಿಮ್ಮತ್ರಕ್ಕೆ. ನಿಮ್ಮನ್ನೇ ಹಿಡಿತೀನಿ. ದೊಡ್ಡಕ್ಕನ್ನೂ ಜೊತೆಗೆ ಕರ್ಕಂಡ್ ಬರ್ತೀನಿ."

ಅತ್ತೆ ಕಿಟಕಿಯ ಕಡೆಗೆ ಸರಿದು ಕೂತರು. ಗಂಡ ಆಗ ಮೊದಲ ಸಲ ಹಿಂದಕ್ಕೆ ತಿರುಗಿದ. ಅವಳ ಮುಖ ಕೂದಲಿನಲ್ಲಿ ಮುಚ್ಚಿತ್ತು, ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಸರಿಸಲು ಹೋದೆ, ಅವಳು ನನ್ನ ಕೈ ತಡೆದಳು.

"ಸೀದಾ ನಡಿಯಪ್ಪ" ಎಂದ ಅವನು. "ಸೀದಾ. ಬೇಗ."

ಬಳ್ಳಾರಿಯಲ್ಲಿ ಆವತ್ತೇ ಹೊಟ್ಟೆ ಕುಯ್ದು ಮಗು ತೆಗೆದರು. ಅಂಗೈಯಷ್ಟು ಮುಖದ ಹೆಣ್ಣುಕೂಸು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಮುಂದೆ ಜೋಪಾನ ಎಂದು ಡಾಕ್ಟರು ಆಗಲೇ ಹೇಳಿದ್ದರು. ತಾಯಿ ಮಗು ಇಬ್ಬರೂ ಉಳಿದದ್ದಕ್ಕೆ ಅತ್ತೆ ಆಮೇಲೆ ಆ ಗಾಳಿ ಬಿಡಿಸುವವನಿಗೆ ತೆಂಗಿನಕಾಯಿ, ಪಂಚೆ ಕಳಿಸಿದರು. ಅವನು ನಮ್ಮ ಗಾಡಿಯ ಧೂಳನ್ನೂ ನೋಡಿರಲಿಲ್ಲ.

ಇಷ್ಟು ಬರೆದರೂ ನನಗೆ ಸಮಾಧಾನವಿಲ್ಲ. ಡಾಕ್ಟರ ಚೀಟಿ ಅವನಿಗೆ ಕೇಳಿಸಿರಲಿಲ್ಲ. ನಾನು ಬೇಡಿಕೊಂಡದ್ದು ಕೇಳಿಸಿರಲಿಲ್ಲ. ಊದಿದ ಕಾಲು ಅವನ ಕಣ್ಣೆದುರೇ ಮನೆಯೆಲ್ಲ ಓಡಾಡಿತ್ತು, ಅದೂ ಕಂಡಿರಲಿಲ್ಲ. ಜೀವಂತ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಉಸಿರಾಡುತ್ತಿರುವಾಗ, ಅವನು ಹೆದರಿದ್ದು ಸತ್ತ ಮೇಲೆ ಅವಳು ಏನಾಗುತ್ತಾಳೋ ಅನ್ನುವುದಕ್ಕೆ. ಅವಳಿಗೆ ಅದು ಗೊತ್ತಿತ್ತು. ಬದುಕಲಿಕ್ಕೆ ಆ ಮನೆಯಲ್ಲಿ ಅವಳಿಗೆ ಇದ್ದ ಮಾತು ಅದೊಂದೇ.

ರಾಂಪುರದಿಂದ ಬಳ್ಳಾರಿ ಮುಟ್ಟುವ ತನಕ ಅವನು ಮತ್ತೆ ಹಿಂದಕ್ಕೆ ತಿರುಗಲಿಲ್ಲ. ಕುತ್ತಿಗೆಯ ಹಿಂದೆ ಬೆವರು ಇಳಿದು ಅಂಗಿಯ ಕಾಲರ್ ಒದ್ದೆಯಾಗಿತ್ತು. ನನ್ನ ಕೈಯೊಳಗೆ ಅವಳ ಕೈ ಐಸಿನ ಹಾಗೆ ತಣ್ಣಗಿತ್ತು. ಕಣ್ಣು ಮುಚ್ಚಿ ಮಲಗಮ್ಮ ಎಂದೆ. ಅವಳು ಮಲಗಲಿಲ್ಲ. ಆ ಒಂದು ಕಣ್ಣನ್ನು ಅವನ ಕುತ್ತಿಗೆಯ ಮೇಲೆ ನೆಟ್ಟು, ದಾರಿಯುದ್ದಕ್ಕೂ ರೆಪ್ಪೆ ಬಡಿಯದೆ ಕೂತಿದ್ದಳು.